ಮಂಡಿಯಿಂದ ಮಿದುಳಿಗೆ: ನರಮಂಡಲದ ಕೆಲಸವನ್ನು ಮನೆಯಲ್ಲೇ ಕಣ್ಣಾರೆ ನೋಡುವ ಬಗೆ

ಓದಲು ಕೂರುವ ಮೊದಲು ಕೆಲವು ವಸ್ತುಗಳನ್ನು ಹತ್ತಿರ ಇಟ್ಟುಕೊಳ್ಳಿ. 30 ಸೆಂಟಿಮೀಟರಿನ ಒಂದು ಸ್ಕೇಲು, ಒಂದು ಸಣ್ಣ ಟಾರ್ಚು, ತಲೆಗೂದಲಿಗೆ ಸಿಕ್ಕಿಸುವ ಒಂದು ಹೇರ್‌ಪಿನ್ನು, ಸೆಕೆಂಡಿನ ಮುಳ್ಳಿರುವ ಗಡಿಯಾರ. ಜೊತೆಗೆ ಮನೆಯಲ್ಲಿ ಯಾರಾದರೂ ಒಬ್ಬರು ಅರ್ಧ ಗಂಟೆ ನಿಮ್ಮ ಪಕ್ಕದಲ್ಲಿರಬೇಕು. ಮಕ್ಕಳಾದರೆ ಇನ್ನೂ ಒಳ್ಳೆಯದು.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾ ಬಂದ ನನಗೆ ಒಂದು ವಿಷಯ ತಡವಾಗಿ ಹೊಳೆಯಿತು. ಪಾಠವನ್ನು ನಾವು ಮಿದುಳಿನಿಂದ ಆರಂಭಿಸುತ್ತೇವೆ. ಚಿತ್ರ ಬರೆಸುತ್ತೇವೆ, ಭಾಗಗಳನ್ನು ಗುರುತಿಸಲು ಹೇಳುತ್ತೇವೆ. ಮರುವರ್ಷ ಕೇಳಿದರೆ ಮಕ್ಕಳಿಗೆ ಮೆಡುಲ್ಲಾ ಎಂಬ ಹೆಸರೊಂದು ಬಿಟ್ಟು ಬೇರೇನೂ ನೆನಪಿರುವುದಿಲ್ಲ. ಅಂದಿನಿಂದ ನಾನು ಪಾಠವನ್ನು ತಿರುಗಿಸಿದೆ. ಮಂಡಿಯಿಂದ ಹೊರಟು, ಬೆನ್ನುಹುರಿ ಹಿಡಿದು, ಮೇಲಕ್ಕೆ ಹತ್ತುವುದು. ಹೀಗೆ ಹತ್ತಿದಾಗ ಒಂದು ಸಂಗತಿ ತಾನಾಗಿ ಮನದಟ್ಟಾಗುತ್ತದೆ: ದೇಹದ ಬಹುಪಾಲು ಕೆಲಸ ನಮ್ಮನ್ನು ಕೇಳದೆಯೇ ನಡೆದುಹೋಗುತ್ತಿದೆ. ನಾವು ‘ನಾನು ಮಾಡಿದೆ’ ಎನ್ನುವುದು ಅದರ ಮೇಲ್ಪದರ ಮಾತ್ರ.

ಮೊದಲ ಹೆಜ್ಜೆ: ಮಂಡಿ

ಕಾಲು ನೆಲಕ್ಕೆ ತಾಗದಷ್ಟು ಎತ್ತರದ ಜಾಗದಲ್ಲಿ ಕುಳಿತುಕೊಳ್ಳಿ. ಊಟದ ಮೇಜಾಗಬಹುದು, ಹಳೆಯ ಮನೆಯಾದರೆ ಜಗುಲಿಯ ಅಂಚಾಗಬಹುದು. ಕಾಲುಗಳು ಸಡಿಲವಾಗಿ ಇಳಿಬಿದ್ದಿರಲಿ. ಮಂಡಿಚಿಪ್ಪಿನ ಕೆಳಗೆ ಬೆರಳಾಡಿಸಿದರೆ ಮೆತ್ತನೆಯ ಒಂದು ತಗ್ಗು ಸಿಗುತ್ತದೆ. ಅದಕ್ಕೂ ಕೆಳಗಿನ ಎಲುಬಿನ ಉಬ್ಬಿಗೂ ನಡುವೆ ಹಗ್ಗದಂತೆ ಬಿಗಿಯಾದ ಪಟ್ಟಿಯೊಂದಿದೆ. ತೊಡೆಯ ಮುಂಭಾಗದ ದೊಡ್ಡ ಸ್ನಾಯುವನ್ನು ಕಣಕಾಲಿನ ಎಲುಬಿಗೆ ಕಟ್ಟಿರುವುದು ಅದೇ. ಜೊತೆಗಾರರು ಅಂಗೈಯ ಪಕ್ಕದಿಂದ ಅಲ್ಲಿಗೆ ಚುರುಕಾಗಿ ಒಂದು ಏಟು ಕೊಡಲಿ. ಸುತ್ತಿಗೆ, ಲಟ್ಟಣಿಗೆ ಬೇಡ. ಕಾಲು ತಾನಾಗಿ ಮುಂದಕ್ಕೆ ಚಿಮ್ಮಬೇಕು.

ಚಿಮ್ಮದಿದ್ದರೆ ಗಾಬರಿ ಬೇಡ. ಸಾಮಾನ್ಯವಾಗಿ ನಾವು ಕಾಲನ್ನು ಗೊತ್ತಿಲ್ಲದೆ ಬಿಗಿಹಿಡಿದಿರುತ್ತೇವೆ. ಎರಡೂ ಕೈಗಳ ಬೆರಳುಗಳನ್ನು ಕೊಕ್ಕೆಯಂತೆ ಒಂದಕ್ಕೊಂದು ಸಿಕ್ಕಿಸಿ, ಹೊರಕ್ಕೆ ಜೋರಾಗಿ ಎಳೆಯುತ್ತಿರಿ. ಅದೇ ಕ್ಷಣಕ್ಕೆ ಏಟು ಬೀಳಲಿ. ಹಂಗೇರಿಯ ವೈದ್ಯ ಎರ್ನೋ ಯೆಂದ್ರಾಸಿಕ್ ಹತ್ತೊಂಬತ್ತನೆಯ ಶತಮಾನದಲ್ಲಿ ತೋರಿಸಿಕೊಟ್ಟ ಈ ಉಪಾಯವನ್ನು ನರರೋಗ ತಜ್ಞರು ಇಂದಿಗೂ ಬಳಸುತ್ತಾರೆ. ಆಗಲೂ ಕಾಲು ಅಲುಗದಿದ್ದರೆ ತೊಡೆಯ ಮೇಲೆ ಅಂಗೈ ಇಟ್ಟುಕೊಂಡು ನೋಡಿ. ಸ್ನಾಯು ಒಮ್ಮೆ ಬಿಗಿದು ಬಿಡುವುದು ಕೈಗೆ ಗೊತ್ತಾಗುತ್ತದೆ. ಕೆಲವು ಆರೋಗ್ಯವಂತರಲ್ಲಿಯೂ ಇದು ಮಂದವಾಗಿರುತ್ತದೆ. ವೈದ್ಯರು ಮುಖ್ಯವಾಗಿ ಗಮನಿಸುವುದು ಎರಡು ಕಾಲುಗಳ ನಡುವಿನ ವ್ಯತ್ಯಾಸವನ್ನು.

ಒಳಗೆ ನಡೆದದ್ದೇನು? ಏಟಿನಿಂದ ಆ ಪಟ್ಟಿ ತುಸು ಜಗ್ಗಿತು, ಅದರೊಂದಿಗೆ ತೊಡೆಯ ಸ್ನಾಯುವೂ ಎಳೆಯಿತು. ಎಳೆತವನ್ನು ಅಳೆಯುವ ನರತುದಿಗಳು ಸುದ್ದಿಯನ್ನು ಸೊಂಟದ ಬಳಿಯ ಬೆನ್ನುಹುರಿಗೆ ಮುಟ್ಟಿಸಿದವು. ಅಲ್ಲಿ ಎರಡು ನರಕೋಶಗಳ ನಡುವಿನ ಒಂದೇ ಒಂದು ಕೊಂಡಿ ದಾಟಿ, ಅದೇ ಸ್ನಾಯುವಿಗೆ ‘ಬಿಗಿ’ ಎಂಬ ಆಜ್ಞೆ ಮರಳಿತು. ಏಟು ಬಿದ್ದು ಸ್ನಾಯು ಎಚ್ಚೆತ್ತುಕೊಳ್ಳುವುದಕ್ಕೆ ಸೆಕೆಂಡಿನ ಐವತ್ತರಲ್ಲಿ ಒಂದು ಭಾಗದಷ್ಟು ಸಮಯ ಸಾಕು. ಮಿದುಳಿಗೆ ಸುದ್ದಿ ತಲುಪುವುದು ನಿಜ, ಆದರೆ ತಲುಪುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಪಂಚಾಯಿತಿಯಲ್ಲಿ ಬಗೆಹರಿಯುವ ವ್ಯಾಜ್ಯ ವಿಧಾನಸೌಧದವರೆಗೆ ಹೋಗುವುದಿಲ್ಲ.

ವೈದ್ಯರ ಪರೀಕ್ಷೆಗೆಂದೇ ದೇಹದಲ್ಲಿ ಈ ಏರ್ಪಾಡು ಇದ್ದಿರಲಾರದಷ್ಟೆ. ಬಸ್ಸಿನಲ್ಲಿ ನಿಂತು ಪ್ರಯಾಣಿಸುವಾಗ ಚಾಲಕ ಗಕ್ಕನೆ ಬ್ರೇಕ್ ಹಾಕುತ್ತಾನೆ. ಮಂಡಿ ಕುಸಿಯಲು ಹೊರಡುತ್ತದೆ, ತೊಡೆಯ ಸ್ನಾಯು ಎಳೆಯುತ್ತದೆ, ಬೆನ್ನುಹುರಿ ಅದನ್ನು ಬಿಗಿಗೊಳಿಸುತ್ತದೆ. ನೀವು ಕಿಟಕಿಯಾಚೆ ನೋಡುತ್ತಲೇ ಇರುತ್ತೀರಿ. ಕಿರುಬೆರಳಿನ ದಪ್ಪದ, ಸುಮಾರು 45 ಸೆಂಟಿಮೀಟರ್ ಉದ್ದದ ಆ ಹುರಿಯಿಂದ 31 ಜೊತೆ ನರಗಳು ಹೊರಟು ಕೈಕಾಲು ಮೈಯೆಲ್ಲ ಹರಡಿಕೊಂಡಿವೆ.

ನೋವಿನ ಎರಡು ಅಲೆ

ಇದಕ್ಕೆ ಪ್ರಯೋಗ ಮಾಡಬೇಡಿ, ನೆನಪಿಸಿಕೊಂಡರೆ ಸಾಕು. ಕಾದ ಕಾವಲಿಗೆ ಬೆರಳು ತಗುಲಿದಾಗ ಮೊದಲು ಕೈ ಹಿಂದಕ್ಕೆ ಬರುತ್ತದೆ, ‘ಅಯ್ಯೋ’ ಆಮೇಲೆ. ಇದೂ ಬೆನ್ನುಹುರಿಯದೇ ಕೆಲಸ.

ಕತ್ತಲೆಯಲ್ಲಿ ಹೊಸ್ತಿಲಿಗೆ ಕಾಲ್ಬೆರಳು ಎಡವಿದ್ದನ್ನು ಇನ್ನೂ ಸೂಕ್ಷ್ಮವಾಗಿ ನೆನಪಿಸಿಕೊಳ್ಳಿ. ಮೊದಲು ಚುರುಕ್ಕೆಂದು ಸೂಜಿ ಚುಚ್ಚಿದ ಹಾಗೆ. ಬಳಿಕ ಒಂದು ಖಾಲಿ ಕ್ಷಣ. ‘ಈಗ ಬರುತ್ತದೆ’ ಎಂದು ನಾವು ಹಲ್ಲು ಕಚ್ಚಿಕೊಳ್ಳುವ ಆ ಕ್ಷಣ. ಅದರ ಬೆನ್ನಿಗೇ ಉರಿಯುವ, ಮಿಡಿಯುವ ದೊಡ್ಡ ನೋವು. ಕಲ್ಪನೆಯಲ್ಲ, ನೋವನ್ನು ಹೊರುವ ನರತಂತುಗಳಲ್ಲೇ ಎರಡು ಬಗೆಯಿವೆ. ತೆಳುವಾದ ಕೊಬ್ಬಿನ ಹೊದಿಕೆಯಿರುವವು ಸೆಕೆಂಡಿಗೆ ಹತ್ತಾರು ಮೀಟರ್ ವೇಗದಲ್ಲಿ ಸುದ್ದಿ ಒಯ್ಯುತ್ತವೆ. ಹೊದಿಕೆಯಿಲ್ಲದವು ಸೆಕೆಂಡಿಗೆ ಒಂದು ಮೀಟರಿನ ಆಸುಪಾಸಿನಲ್ಲಿ, ನಾವು ನಡೆಯುವ ವೇಗದಲ್ಲಿ ತೆವಳುತ್ತವೆ. ಕಾಲ್ಬೆರಳಿನಿಂದ ಬೆನ್ನುಹುರಿಗೆ ಇರುವ ದೂರವೂ ಹೆಚ್ಚುಕಡಿಮೆ ಒಂದು ಮೀಟರು. ಆ ಖಾಲಿ ಕ್ಷಣದ ಲೆಕ್ಕ ಇಷ್ಟೆ.

ಮಗು ಬಿದ್ದಾಗ ತಾಯಿ ಪೆಟ್ಟಾದ ಜಾಗವನ್ನು ಉಜ್ಜುತ್ತಾಳಲ್ಲ, ಅದರಲ್ಲಿ ಪ್ರೀತಿಯೊಂದಿಗೆ ಶರೀರಶಾಸ್ತ್ರವೂ ಇದೆ. ಸ್ಪರ್ಶವನ್ನು ಒಯ್ಯುವ ದಪ್ಪ ತಂತುಗಳು ವೇಗವಾಗಿ ಬೆನ್ನುಹುರಿ ಮುಟ್ಟಿ, ನೋವಿನ ಸುದ್ದಿ ಮೇಲೇರುವುದನ್ನು ಅಷ್ಟರಮಟ್ಟಿಗೆ ತಗ್ಗಿಸುತ್ತವೆ. ನೋವಿನ ಬಗ್ಗೆ ಸಂಶೋಧನೆ ನಡೆಸಿದ ರೊನಾಲ್ಡ್ ಮೆಲ್ಜ್ಯಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಇದನ್ನು ಬಾಗಿಲಿಗೆ ಹೋಲಿಸಿ ವಿವರಿಸಿದರು. ಉಜ್ಜಿದರೆ ಬಾಗಿಲು ಅರ್ಧ ಮುಚ್ಚುತ್ತದೆ.

ಸ್ಕೇಲು ಬೀಳಲಿ, ಹಿಡಿಯಿರಿ

ಈಗ ಮಿದುಳನ್ನು ಕೆಲಸಕ್ಕೆ ಕರೆಯೋಣ. ಮುಂಗೈಯನ್ನು ಮೇಜಿನ ಮೇಲೆ ಊರಿ, ಬೆರಳುಗಳು ಅಂಚಿನಿಂದ ಹೊರಗಿರುವಂತೆ ಕುಳಿತುಕೊಳ್ಳಿ. ಜೊತೆಗಾರರು ಸ್ಕೇಲನ್ನು 30ರ ತುದಿಯಲ್ಲಿ ಹಿಡಿದು ತೂಗುಬಿಡಲಿ. ಸೊನ್ನೆಯ ಗೆರೆ ನಿಮ್ಮ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಇರಬೇಕು, ಆದರೆ ಮುಟ್ಟಬಾರದು. ಅವರು ಹೇಳದೆ ಕೇಳದೆ ಸ್ಕೇಲು ಬಿಡಲಿ, ನೀವು ಹಿಡಿಯಿರಿ. ಹಿಡಿದ ಜಾಗದ ಅಂಕಿಯನ್ನು ಬರೆದುಕೊಳ್ಳಿ. ಐದು ಸಲ ಮಾಡಿ ಸರಾಸರಿ ತೆಗೆಯಿರಿ.

ಬೀಳುವ ವಸ್ತುವಿನ ಲೆಕ್ಕ ಎಲ್ಲರಿಗೂ ಒಂದೇ ಆದ್ದರಿಂದ ದೂರವನ್ನು ಸಮಯಕ್ಕೆ ಬದಲಿಸಬಹುದು. 10 ಸೆಂಟಿಮೀಟರಿಗೆ ಹಿಡಿದರೆ 0.14 ಸೆಕೆಂಡ್, 15ಕ್ಕೆ 0.17, 20ಕ್ಕೆ 0.20, 25ಕ್ಕೆ 0.23. ಬಹುಪಾಲು ಜನರು 15ರಿಂದ 25ರ ನಡುವೆ ಹಿಡಿಯುತ್ತಾರೆ. ಅಂದರೆ ಮಂಡಿಗೆ ಸಾಕಾದ ಸಮಯದ ಹತ್ತು ಪಟ್ಟು. ಬೆಳಕು ಕಣ್ಣಿನ ಹಿಂಪರದೆಯಲ್ಲಿ ನರಸಂಕೇತವಾಗಬೇಕು, ತಲೆಯ ಹಿಂಭಾಗಕ್ಕೆ ಹೋಗಬೇಕು, ‘ಬಿತ್ತು’ ಎಂಬ ತೀರ್ಮಾನವಾಗಬೇಕು, ಅಲ್ಲಿಂದ ಆಜ್ಞೆ ಬೆರಳಿಗೆ ಇಳಿಯಬೇಕು. ಪ್ರತಿ ಕೊಂಡಿಯಲ್ಲೂ ಒಂದಿಷ್ಟು ಹೊತ್ತು ಕಳೆಯುತ್ತದೆ.

ನರದ ವೇಗವನ್ನು ಅಳೆಯಲು ಸಾಧ್ಯವೇ ಇಲ್ಲ, ಅದು ಅಷ್ಟು ಶೀಘ್ರ ಎಂದು ಒಂದು ಕಾಲದಲ್ಲಿ ದೊಡ್ಡ ವಿದ್ವಾಂಸರೇ ನಂಬಿದ್ದರು. 1850ರಲ್ಲಿ ಜರ್ಮನಿಯ ವಿಜ್ಞಾನಿ ಹರ್ಮನ್ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ಕಾಲಿನ ನರವನ್ನು ಬೇರೆ ಬೇರೆ ದೂರದಲ್ಲಿ ಕೆಣಕಿ ಅಳೆದೇಬಿಟ್ಟ. ಸೆಕೆಂಡಿಗೆ ಸುಮಾರು 30 ಮೀಟರ್ ಬಂತು. ಮನುಷ್ಯನ ಅತಿ ವೇಗದ ತಂತುಗಳು ಸೆಕೆಂಡಿಗೆ 100 ಮೀಟರನ್ನೂ ದಾಟುತ್ತವೆ. ಆದರೂ ವಿದ್ಯುತ್ ತಂತಿಯ ಮುಂದೆ ಅದು ಬಹಳ ನಿಧಾನ.

ಈ ಪ್ರಯೋಗ ಮುಗಿಸಿ ಏಳುವ ಮೊದಲು ಎರಡು ಬದಲಾವಣೆ ಮಾಡಿ ನೋಡಿ. ಒಂದು, ಬೀಳುವ ಸ್ಕೇಲನ್ನು ಹಿಡಿಯುವವರು ಅದೇ ಹೊತ್ತಿಗೆ ಹದಿನೇಳರ ಮಗ್ಗಿಯನ್ನು ಹೇಳುತ್ತಿರಲಿ. ಅಂಕಿ ಮೇಲೇರುತ್ತದೆ, ಕೆಲವೊಮ್ಮೆ ಸ್ಕೇಲು ಕೈಗೇ ಸಿಗುವುದಿಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದ ಸ್ಕೂಟರು ಒಂದು ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ದೂರ ಹೋಗುತ್ತದೆ. ರಸ್ತೆಯಲ್ಲಿ ನಾವು ಸ್ಕೇಲಿಗೆ ಕಾದಂತೆ ಕಾದು ಕುಳಿತಿರುವುದಿಲ್ಲ. ಹೆಗಲು ಕಿವಿಗಳ ನಡುವೆ ಮೊಬೈಲು ಸಿಕ್ಕಿಸಿಕೊಂಡು ಹೋಗುವ ಹುಡುಗರಿಗೆ ನಾನು ಬುದ್ಧಿ ಹೇಳುವುದನ್ನು ಬಿಟ್ಟು ಈ ಸ್ಕೇಲನ್ನೇ ಕೊಡುತ್ತೇನೆ.

ಎರಡು, ನಿಮ್ಮ ಎಡಗೈಯಿಂದಲೇ ಸ್ಕೇಲು ಬಿಟ್ಟು ಬಲಗೈಯಿಂದ ಹಿಡಿಯಿರಿ. ಬಿಟ್ಟಲ್ಲೇ ಸಿಕ್ಕಿಬಿಡುತ್ತದೆ. ಎಡಗೈಗೆ ‘ಬಿಡು’ ಎನ್ನುವಾಗಲೇ ಮುಂದೇನಾಗುತ್ತದೆ ಎಂಬುದನ್ನು ಮಿದುಳು ಲೆಕ್ಕ ಹಾಕಿ ಬಲಗೈಯನ್ನು ಸಿದ್ಧಗೊಳಿಸಿರುತ್ತದೆ. ನಮಗೆ ನಾವೇ ಕಚಗುಳಿಯಿಟ್ಟುಕೊಂಡರೆ ನಗು ಬಾರದಿರುವುದಕ್ಕೂ ಇದೇ ಕಾರಣ.

ಟಾರ್ಚು ಮತ್ತು ಉಸಿರು

ಬೆನ್ನುಹುರಿ ತಲೆಬುರುಡೆಯೊಳಗೆ ಹೊಕ್ಕು ದಪ್ಪವಾಗುವ ಭಾಗವೇ ಮಿದುಳಿನ ಕಾಂಡ. ನಮ್ಮ ಹೆಬ್ಬೆರಳಿನಷ್ಟೇ ಗಾತ್ರ. ಉಸಿರು, ಹೃದಯದ ಲಯ, ರಕ್ತದೊತ್ತಡ, ನುಂಗುವುದು, ಎಚ್ಚರ, ಎಲ್ಲದರ ಕೀಲಿ ಅಲ್ಲಿದೆ.

ಕೋಣೆಯ ಬೆಳಕು ಕಡಿಮೆ ಮಾಡಿ. ಜೊತೆಗಾರರು ದೂರದ ಗೋಡೆಯನ್ನು ನೋಡುತ್ತಾ, ಮೂಗಿನ ಮೇಲೆ ಅಂಗೈಯನ್ನು ಗೋಡೆಯಂತೆ ಅಡ್ಡ ನಿಲ್ಲಿಸಿಕೊಳ್ಳಲಿ. ನೀವು ಪಕ್ಕದಿಂದ ಅವರ ಬಲಗಣ್ಣಿಗೆ ಒಂದೆರಡು ಸೆಕೆಂಡು ಟಾರ್ಚು ಬಿಡಿ. ಲೇಸರ್ ಆಟಿಕೆಗಳನ್ನು ಖಂಡಿತ ಬಳಸಬಾರದು. ಬಲಗಣ್ಣಿನ ಪಾಪೆ ಕಿರಿದಾಗುವುದನ್ನು ಎಲ್ಲರೂ ನಿರೀಕ್ಷಿಸುತ್ತಾರೆ. ನೀವು ಎಡಗಣ್ಣನ್ನು ನೋಡಿ. ಬೆಳಕೇ ಬೀಳದ ಆ ಕಣ್ಣಿನ ಪಾಪೆಯೂ ಅದೇ ಕ್ಷಣಕ್ಕೆ ಕಿರಿದಾಗುತ್ತದೆ! ಕಪ್ಪು ಕಂದು ಕಣ್ಣುಗಳಲ್ಲಿ ಇದು ಸುಲಭವಾಗಿ ಕಾಣದು, ಎರಡು ಮೂರು ಸಲ ಮಾಡಬೇಕಾಗುತ್ತದೆ. ಸುದ್ದಿ ಒಂದು ಕಣ್ಣಿನಿಂದ ಕಾಂಡಕ್ಕೆ ಹೋಯಿತು, ಆಜ್ಞೆ ಎರಡೂ ಕಣ್ಣಿಗೆ ಹೊರಟಿತು. ಪಾಪೆಯನ್ನು ಕಿರಿದಾಗಿಸುವುದಿಲ್ಲ ಎಂದು ಎಷ್ಟೇ ಹಟ ಹಿಡಿದರೂ ನಡೆಯುವುದಿಲ್ಲ. ಪ್ರಜ್ಞೆಯಿಲ್ಲದ ರೋಗಿಯ ಕಣ್ಣಿಗೆ ವೈದ್ಯರು ಟಾರ್ಚು ಬಿಡುವುದು ಕಾಂಡ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು.

ಈಗ ಮಣಿಕಟ್ಟಿನ ನಾಡಿಯ ಮೇಲೆ ಎರಡು ಬೆರಳಿಟ್ಟು ನಿಧಾನವಾಗಿ ಉಸಿರಾಡಿ. ನಾಲ್ಕು ಎಣಿಸುವಷ್ಟು ಹೊತ್ತು ಒಳಕ್ಕೆ, ಆರು ಎಣಿಸುವಷ್ಟು ಹೊತ್ತು ಹೊರಕ್ಕೆ. ಒಳಕ್ಕೆಳೆದುಕೊಳ್ಳುವಾಗ ನಾಡಿ ತುಸು ಚುರುಕಾಗಿ, ಬಿಡುವಾಗ ನಿಧಾನವಾಗುತ್ತದೆ. ಚಿಕ್ಕ ವಯಸ್ಸಿನವರಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಕಾಂಡದಿಂದ ಎದೆಗೂ ಹೊಟ್ಟೆಗೂ ಇಳಿಯುವ ವೇಗಸ್ ಎಂಬ ಉದ್ದನೆಯ ನರ ಹೃದಯಕ್ಕೆ ಲಗಾಮು ಹಾಕುತ್ತದೆ; ಉಸಿರು ಬಿಡುವಾಗ ಆ ಲಗಾಮು ಬಿಗಿಯಾಗುತ್ತದೆ. ಹೃದಯಕ್ಕೆ ನಾವು ನೇರವಾಗಿ ಆಜ್ಞೆ ಕೊಡಲಾರೆವು, ಆದರೆ ಉಸಿರಿನ ಮೂಲಕ ಹಿಂಬಾಗಿಲಿನಿಂದ ಅದನ್ನು ಮುಟ್ಟಬಹುದು. ಪರೀಕ್ಷೆಯ ಹಾಲ್‌ನಲ್ಲಿ ಕೈ ನಡುಗುವ ಮಕ್ಕಳಿಗೆ ನಾನು ಇದನ್ನೇ ಹೇಳಿಕೊಡುತ್ತೇನೆ: ಎರಡು ನಿಮಿಷ, ಬಿಡುವ ಉಸಿರು ಉದ್ದವಾಗಿರಲಿ.

ಉಸಿರು ಬಿಗಿಹಿಡಿಯುವ ಪಂದ್ಯ ಮಾತ್ರ ಬೇಡ, ಅದರಲ್ಲೂ ನೀರಿನಲ್ಲಿ ಬೇಡವೇ ಬೇಡ. ‘ಇನ್ನು ತಡೆಯಲಾರೆ’ ಎನ್ನಿಸುವುದು ಮುಖ್ಯವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುವುದರಿಂದ. ಜೋರು ಜೋರಾಗಿ ಉಸಿರಾಡಿ ಅದನ್ನು ಮೊದಲೇ ಹೊರಹಾಕಿ ಕೆರೆಗೆ ಧುಮುಕಿದವರಿಗೆ ಎಚ್ಚರಿಕೆಯ ಗಂಟೆಯೇ ಬಾರಿಸುವುದಿಲ್ಲ. ಆಮ್ಲಜನಕ ಮುಗಿದು ನೀರೊಳಗೇ ಪ್ರಜ್ಞೆ ತಪ್ಪುತ್ತದೆ.

ಕಣ್ಣು ಮುಚ್ಚಿ ಒಂಟಿಕಾಲಲ್ಲಿ

ಗೋಡೆಯ ಪಕ್ಕ, ಜೊತೆಗಾರರು ಹಿಡಿಯಲು ಸಿದ್ಧರಿರುವಾಗ ಒಂಟಿಕಾಲಿನಲ್ಲಿ ನಿಲ್ಲಿ. ಆಮೇಲೆ ಕಣ್ಣು ಮುಚ್ಚಿ. ಪಾದದ ಸುತ್ತ ಸ್ನಾಯುಗಳು ಪಟಪಟನೆ ಬಿಗಿದು ಸಡಿಲುವುದು ಗೊತ್ತಾಗುತ್ತದೆ. ಕಣ್ಣು, ಒಳಕಿವಿ, ಕೀಲು ಸ್ನಾಯುಗಳ ಒಳಗಿನ ಅರಿವು, ಈ ಮೂರರ ಸುದ್ದಿ ಸೇರಿ ಸಮತೋಲನವಾಗುತ್ತದೆ. ಒಂದನ್ನು ತೆಗೆದಿರಿ, ಉಳಿದೆರಡಕ್ಕೆ ಹೊರೆ ಹೆಚ್ಚಾಯಿತು. ವಯಸ್ಸಾದವರು, ತಲೆಸುತ್ತು ಇರುವವರು ಇದನ್ನು ಮಾಡಬಾರದು. ಈ ಲೆಕ್ಕವನ್ನೆಲ್ಲ ನೋಡಿಕೊಳ್ಳುವುದು ತಲೆಯ ಹಿಂಬದಿಯಲ್ಲಿ ಅಡಗಿರುವ ಕಿರುಮಿದುಳು, ಪಠ್ಯಪುಸ್ತಕದ ಅನುಮಸ್ತಿಷ್ಕ. ಗಾತ್ರದಲ್ಲಿ ಮಿದುಳಿನ ಹತ್ತನೆಯ ಒಂದು ಪಾಲು. ಆದರೆ ಮಿದುಳಿನಲ್ಲಿರುವ ಸುಮಾರು 8,600 ಕೋಟಿ ನರಕೋಶಗಳಲ್ಲಿ ಬಹುಪಾಲು ಇಲ್ಲೇ ಇವೆ.

ಮೇಲಿನ ಅಂತಸ್ತು

ಹೇರ್‌ಪಿನ್ನಿನ ಎರಡು ತುದಿಗಳು 3 ಮಿಲಿಮೀಟರ್ ದೂರವಿರುವಂತೆ ಬಗ್ಗಿಸಿ. ಜೊತೆಗಾರರು ಕಣ್ಣು ಮುಚ್ಚಿಕೊಳ್ಳಲಿ. ಅವರ ತೋರುಬೆರಳಿನ ತುದಿಗೆ ಎರಡೂ ತುದಿಗಳನ್ನು ಒಟ್ಟಿಗೆ ಮೃದುವಾಗಿ ತಾಗಿಸಿ, ‘ಒಂದೋ, ಎರಡೋ?’ ಎಂದು ಕೇಳಿ. ಎರಡು ಎನ್ನುತ್ತಾರೆ. ಅದನ್ನೇ ಮುಂಗೈಗೆ ತಾಗಿಸಿ, ಒಂದೇ ಎನ್ನುತ್ತಾರೆ. ತುದಿಗಳನ್ನು ಅಗಲಿಸುತ್ತಾ ಹೋಗಿ. ಮುಂಗೈಯಲ್ಲೂ ಬೆನ್ನಿನಲ್ಲೂ ಮೂರು ನಾಲ್ಕು ಸೆಂಟಿಮೀಟರ್ ದೂರವಾದ ಮೇಲಷ್ಟೇ ಎರಡಾಗಿ ತಿಳಿಯುತ್ತದೆ. ಬೆರಳ ತುದಿಯಲ್ಲಿ ನರತುದಿಗಳು ದಟ್ಟವಾಗಿವೆ, ಮಿದುಳಿನ ಮೇಲ್ಪದರದಲ್ಲಿ ಬೆರಳು ತುಟಿಗಳಿಗೆ ಸಿಕ್ಕಿರುವ ಜಾಗವೂ ದೊಡ್ಡದು. ಕೆನಡಾದ ಮಾಂಟ್ರಿಯಲ್‌ನಲ್ಲಿ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ ಎಚ್ಚರವಿದ್ದ ರೋಗಿಗಳ ಮಿದುಳನ್ನು ಸಣ್ಣ ವಿದ್ಯುತ್ತಿನಿಂದ ಮುಟ್ಟಿ ಈ ನಕ್ಷೆ ಬರೆದ. ಅದರಲ್ಲಿ ಹೆಬ್ಬೆರಳೊಂದು ಇಡೀ ಬೆನ್ನಿಗೆ ಪೈಪೋಟಿ ಕೊಡುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಿಜವಾದ ಮಾನವ ಮಿದುಳುಗಳ ಸಂಗ್ರಹಾಲಯವಿದೆ. ಅವಕಾಶವಾದರೆ ಮಕ್ಕಳನ್ನು ಕರೆದೊಯ್ಯಿರಿ. ಒಂದೂಕಾಲು, ಒಂದೂವರೆ ಕಿಲೋ ತೂಗುವ ಆ ಬೂದು ಮುದ್ದೆ ದೇಹದ ತೂಕದ ನೂರಕ್ಕೆ ಎರಡರಷ್ಟು. ತಿನ್ನುವ ಶಕ್ತಿ ಮಾತ್ರ ನೂರಕ್ಕೆ ಇಪ್ಪತ್ತು.

ಇನ್ನೊಂದು. ಕುಳಿತು ಬಲಪಾದವನ್ನು ನೆಲದಿಂದೆತ್ತಿ ಪ್ರದಕ್ಷಿಣೆಯ ದಿಕ್ಕಿನಲ್ಲಿ ತಿರುಗಿಸುತ್ತಿರಿ. ಅದೇ ಹೊತ್ತಿಗೆ ಬಲಗೈಯಿಂದ ಗಾಳಿಯಲ್ಲಿ ಅಪ್ರದಕ್ಷಿಣೆಯಾಗಿ ವೃತ್ತ ಬರೆಯಿರಿ. ಪಾದ ತಬ್ಬಿಬ್ಬಾಗುತ್ತದೆ. ಕೈ ಬದಲಿಸಿ ಎಡಗೈಯಿಂದ ಬರೆದರೆ ಎಷ್ಟೋ ಸುಲಭ. ಬಲಗೈ ಬಲಗಾಲು ಎರಡನ್ನೂ ಆಳುವುದು ಎಡ ಮಿದುಳು. ಇಳಿಯುವ ನರಮಾರ್ಗಗಳಲ್ಲಿ ಬಹುಪಾಲು ಕಾಂಡದ ಬುಡದಲ್ಲಿ ಒಂದನ್ನೊಂದು ಅಡ್ಡ ಹಾಯ್ದು ಎದುರು ಬದಿಗೆ ಸೇರುತ್ತವೆ.

ಈ ಅಡ್ಡ ಹಾಯುವಿಕೆಯನ್ನು ನಾನು ತರಗತಿಯಲ್ಲಿ ಕಲಿತಿದ್ದೆ, ಬರೆದು ಅಂಕವನ್ನೂ ಪಡೆದಿದ್ದೆ. ಆದರೂ ಬೇಕಾದ ದಿನ ಅದು ನೆರವಿಗೆ ಬರಲಿಲ್ಲ. ನಮ್ಮ ದೊಡ್ಡಪ್ಪ ಒಂದು ಬೆಳಿಗ್ಗೆ ಜಗುಲಿಯಲ್ಲಿ ಕಾಫಿ ಕುಡಿಯುತ್ತಿದ್ದರು. ಲೋಟ ಬಲಗೈಯಿಂದ ಜಾರಿತು. ‘ಜೋಮು ಹಿಡಿದಿದೆ’ ಎಂದರು, ಮಾತು ತುಸು ತೊದಲಿತು. ದೊಡ್ಡಮ್ಮ ಹರಳೆಣ್ಣೆ ಬಿಸಿ ಮಾಡಿ ಕೈಗೆ ತಿಕ್ಕಿದರು. ರಜೆಗೆ ಹೋಗಿದ್ದ ನಾನೂ ಪಕ್ಕದಲ್ಲಿ ಕುಳಿತು ತಿಕ್ಕಿದೆ. ಬಲಗೈಯೂ ಮಾತೂ ಒಟ್ಟಿಗೆ ಕೆಟ್ಟಿವೆ ಎಂದರೆ ತೊಂದರೆ ಕೈಯಲ್ಲಿಲ್ಲ, ಎಡ ಮಿದುಳಿನಲ್ಲಿದೆ. ಮಾತನ್ನು ಹೊರಡಿಸುವ ಜಾಗ ಎಡಭಾಗದಲ್ಲಿದೆ ಎಂದು ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ 1860ರ ದಶಕದಲ್ಲೇ ತೋರಿಸಿದ್ದ. ಅಷ್ಟು ನನಗೆ ಹೊಳೆಯಲಿಲ್ಲ. ಆಸ್ಪತ್ರೆ ಮುಟ್ಟಿದಾಗ ಸಂಜೆಯಾಗಿತ್ತು. ಆಮೇಲೂ ಹಲವು ವರ್ಷ ಬದುಕಿದರು, ಆದರೆ ಆ ಕೈ ಮತ್ತೆ ಲೋಟ ಎತ್ತಲಿಲ್ಲ.

ಕೊನೆಯ ಹೆಜ್ಜೆ: ಸಂಪರ್ಕ ಕಡಿದಾಗ

ಪಾರ್ಶ್ವವಾಯುವನ್ನು ಗುರುತಿಸುವ ಈ ಪರೀಕ್ಷೆಯನ್ನು ಮನೆಯವರೆಲ್ಲ ಒಮ್ಮೆ ಮಾಡಿ ಅಭ್ಯಾಸವಿಟ್ಟುಕೊಳ್ಳಿ. ಯಾರಿಗಾದರೂ ಇದ್ದಕ್ಕಿದ್ದಂತೆ ಒಂದು ಬದಿಯ ಕೈಕಾಲು ಸೋತರೆ, ಮಾತು ತೊದಲಿದರೆ, ಒಂದು ಕಣ್ಣು ಮಂಜಾದರೆ, ನಡೆಯುವಾಗ ವಾಲಿದರೆ ಹೀಗೆ ಮಾಡಿ. ‘ಹಲ್ಲು ಕಾಣುವಂತೆ ನಗಿ’ ಎನ್ನಿ. ಬಾಯಿ ಒಂದು ಕಡೆಗೆ ಸೊಟ್ಟಗಾಗುತ್ತದೆಯೇ ನೋಡಿ. ಕಣ್ಣು ಮುಚ್ಚಿ ಎರಡೂ ಕೈಗಳನ್ನು ಅಂಗೈ ಮೇಲಾಗಿ ಮುಂದಕ್ಕೆ ಚಾಚಿ ಹತ್ತು ಎಣಿಸಲು ಹೇಳಿ. ಒಂದು ಕೈ ಕೆಳಗಿಳಿಯುತ್ತದೆಯೇ? ‘ಇವತ್ತು ನಮ್ಮ ಮನೆಗೆ ನೆಂಟರು ಬಂದಿದ್ದಾರೆ’ ಎಂಬಂಥ ಸರಳ ವಾಕ್ಯವೊಂದನ್ನು ಹೇಳಿಸಿ. ಮೂರರಲ್ಲಿ ಒಂದು ತಪ್ಪಿದರೂ ಅದನ್ನು ಪಾರ್ಶ್ವವಾಯು ಎಂದೇ ತಿಳಿದು 108ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೊರಡಿ.

ಜೋಮು ಬೇರೆ. ಕಾಲು ಮಡಚಿ ಕುಳಿತಾಗ ನರ ಅದುಮಿ ಬರುವ ಜೋಮು ಚುಮುಗುಟ್ಟುತ್ತದೆ, ಭಂಗಿ ಬದಲಿಸಿದ ಕೆಲವೇ ನಿಮಿಷಗಳಲ್ಲಿ ಬಿಡುತ್ತದೆ, ಮುಖವನ್ನೂ ಮಾತನ್ನೂ ಮುಟ್ಟುವುದಿಲ್ಲ. ಅನುಮಾನವಿದ್ದರೆ ಆಸ್ಪತ್ರೆಗೆ ಹೋಗುವುದೇ ಸರಿ. ಹತ್ತು ನಿಮಿಷದಲ್ಲಿ ಎಲ್ಲ ಸರಿಹೋಯಿತೆಂದರೂ ಹೋಗಿ, ಅದು ದೊಡ್ಡದೊಂದರ ಮುನ್ಸೂಚನೆಯಾಗಿರಬಹುದು.

ದಾರಿಯಲ್ಲಿ ನೀರು, ಕಾಫಿ ಏನೂ ಕುಡಿಸಬೇಡಿ. ನುಂಗುವ ನರಗಳು ಸೋತಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಆಸ್ಪಿರಿನ್ ಮಾತ್ರೆಯನ್ನೂ ನೀವಾಗಿ ಕೊಡಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿದೆಯೋ, ರಕ್ತನಾಳ ಒಡೆದಿದೆಯೋ ಎಂಬುದು ಸ್ಕ್ಯಾನ್ ಆಗದೆ ತಿಳಿಯದು. ಒಡೆದಿದ್ದರೆ ಆ ಮಾತ್ರೆ ಕೇಡು ಮಾಡುತ್ತದೆ. ಮಿದುಳಿನ ದೊಡ್ಡ ರಕ್ತನಾಳವೊಂದು ಕಟ್ಟಿಕೊಂಡಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬುದು ನರತಜ್ಞರ ಲೆಕ್ಕ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆಯ್ದ ರೋಗಿಗಳಲ್ಲಿ ನಳಿಕೆ ತೂರಿಸಿ ಹೆಪ್ಪನ್ನೇ ಹೊರತೆಗೆಯುವ ಚಿಕಿತ್ಸೆಗೆ 24 ಗಂಟೆಯವರೆಗೂ ಅವಕಾಶವಿದೆ. ಹಾಗಾಗಿ ತಡವಾಯಿತೆಂದು ಕೈಚೆಲ್ಲಿ ಕೂರಬೇಡಿ.

ಹೊರಡುವ ಮೊದಲು ಒಂದು ಪೆನ್ನು ತೆಗೆದುಕೊಂಡು, ರೋಗಿ ಕೊನೆಯದಾಗಿ ಚೆನ್ನಾಗಿದ್ದದ್ದನ್ನು ಯಾರಾದರೂ ಕಂಡ ಸಮಯವನ್ನು ನಿಮ್ಮ ಅಂಗೈ ಮೇಲೆ ಬರೆದುಕೊಳ್ಳಿ. ತುರ್ತು ವಿಭಾಗದ ಬಾಗಿಲಲ್ಲಿ ವೈದ್ಯರು ಎಲ್ಲಕ್ಕಿಂತ ಮೊದಲು ಕೇಳುವುದು ಅದನ್ನೇ.